ಎಆರ್‌ಟಿ ಮಾತ್ರೆ ನುಂಗುವವರಿಗೆ ಪಥ್ಯ ಬೇಕೇ? ಮೀನು ನಿಲ್ಲಿಸಬೇಕೇ?

ಅಂಕೋಲೆಯ ಅಕ್ಕ

ನನ್ನ ತಮ್ಮ ಬೋಟಿಗೆ ಹೋಗುವವನು. ಚಳಿಗಾಲವಿಡೀ ಜ್ವರ, ಭೇದಿ. ಕೊನೆಗೆ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಎಂದು ತಿಳಿಯಿತು. ಈಗ ಕಾರವಾರದಿಂದ ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ತರುತ್ತಿದ್ದಾನೆ. ಜ್ವರ ಬಿಟ್ಟಿದೆ, ಆದರೆ ಮೈ ಹಿಡಿದಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬಲೆಯ ಹಗ್ಗದ ತುಂಡು ಬಿಗಿದುಕೊಂಡು ಓಡಾಡುತ್ತಾನೆ.

ವಿಷಯ ಗೊತ್ತಿರುವುದು ಅವನ ಹೆಂಡತಿಗೆ ಮತ್ತು ನನಗೆ ಮಾತ್ರ. ಆಯಿಗೆ ಕಾಮಾಲೆ ಎಂದು ಹೇಳಿದ್ದೇವೆ. ಈಗ ಅದೇ ಫಜೀತಿ. ಕಾಮಾಲೆ ಎಂದ ಕೂಡಲೇ ಆಯಿ ಮೀನು, ಎಣ್ಣೆ, ತೆಂಗಿನಕಾಯಿ ಎಲ್ಲವನ್ನೂ ಬಂದ್ ಮಾಡಿ ಬಿಳಿ ಗಂಜಿ, ಉಪ್ಪು, ಸುಟ್ಟ ಹಪ್ಪಳಕ್ಕೆ ಇಳಿಸಿದ್ದಾಳೆ. ಪರಿಚಯದವರೊಬ್ಬರು ಪ್ರೋಟೀನ್ ಪುಡಿಯ ಡಬ್ಬ ಕೊಳ್ಳಿ ಎನ್ನುತ್ತಾರೆ, ಒಂದು ಡಬ್ಬಕ್ಕೆ ಸಾವಿರದ ಹತ್ತಿರ. ಜೂನ್ 1ರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆ ಬಂದ್, ಬೋಟು ಇಳಿಯುವುದಿಲ್ಲ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಅವನಿಗೆ ಏನು ಉಣಿಸಲಿ? ಶಿರಸಿ ಕಡೆಯ ಕಷಾಯವೊಂದರ ಹೆಸರನ್ನೂ ಯಾರೋ ಹೇಳಿದ್ದಾರೆ.

ಕುಮಟಾದ ಹಳೆಯ ಮಾತ್ರೆಗಾರ

ಅಕ್ಕ, ಮೊದಲು ಆ ಪಥ್ಯವನ್ನು ತೆಗೆದುಹಾಕಿ. ಸರ್ಕಾರ 2004ರಲ್ಲಿ ಈ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಅದಾದ ಕೆಲವೇ ವರ್ಷಗಳಿಗೆ ನುಂಗತೊಡಗಿದವನು ನಾನು. ಆಗ ನಮಗೂ ಕಂಡಕಂಡವರೆಲ್ಲ ಪಥ್ಯ ಹೇಳುತ್ತಿದ್ದರು. ಕಾಯಿಲೆಗಿಂತ ಪಥ್ಯಕ್ಕೇ ಸೊರಗಿದವರನ್ನು ನೋಡಿದ್ದೇನೆ.

ಲೆಕ್ಕ ಕೇಳಿ. ಲಕ್ಷಣಗಳಿಲ್ಲದ ಸೋಂಕಿತರಿಗೂ ಮಾಮೂಲಿಗಿಂತ ಶೇ 10ರಷ್ಟು ಹೆಚ್ಚು ಶಕ್ತಿ ಬೇಕು, ಕಾಯಿಲೆ ಬಿದ್ದು ಏಳುತ್ತಿರುವವರಿಗೆ ಶೇ 20ರಿಂದ 30ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ತಮ್ಮ ಈಗ ಎರಡನೆಯ ಗುಂಪಿನವನು. ಅವನಿಗೆ ಸಿಗುತ್ತಿರುವುದು ಬಿಳಿ ಗಂಜಿ! ಒಂದು ಮುಷ್ಟಿ ಹುರಿದ ಶೇಂಗಾ, ಒಂದು ಬಾಳೆಹಣ್ಣು ಸೇರಿದರೆ ಇನ್ನೂರೈವತ್ತು ಕ್ಯಾಲರಿಯ ಆಸುಪಾಸು. ಅದನ್ನು ಮಧ್ಯಾಹ್ನದ ನಂತರ ಕೊಡಿ. ಗಂಜಿಯನ್ನು ಬಿಡಬೇಕಾಗಿಲ್ಲ. ಕುಚ್ಚಲಕ್ಕಿಯ ಜೊತೆ ಒಂದು ಹಿಡಿ ಹೆಸರುಕಾಳು ಹಾಕಿ ಬೇಯಿಸಿ, ಇಳಿಸುವಾಗ ಕಾಯಿಹಾಲು ಹಿಂಡಿ. ಬಾಯಿಯಲ್ಲಿ ಹುಣ್ಣಿದ್ದರೂ ಇದು ಗಂಟಲಿನಲ್ಲಿ ಇಳಿಯುತ್ತದೆ. ಖಾರ ಮಾತ್ರ ಬೇಡ.

ಮೀನಂತೂ ನಿಲ್ಲಿಸಲೇಬೇಡಿ. ತಾರ್ಲೆ (ಬೂತಾಯಿ) ಅಗ್ಗಕ್ಕೆ ಸಿಗುವ ದಿನ ಅದಕ್ಕಿಂತ ಒಳ್ಳೆಯ ಪ್ರೋಟೀನ್ ಯಾವ ಡಬ್ಬದಲ್ಲಿದೆ? ಬಂದ್ ಇರುವ ಎರಡು ತಿಂಗಳಿಗೆ ಈಗಲೇ ಒಣಶೆಟ್ಲಿ (ಒಣಸಿಗಡಿ), ಒಣಮೀನು ಎತ್ತಿಡಿ. ಒಣಮೀನನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಸಾರು ಮಾಡಿ. ಬೆಳಚು ತಂದರೆ ಚೆನ್ನಾಗಿ ಬೆಂದಿರಲಿ, ಚಿಪ್ಪು ತೆರೆಯಿತೆಂದು ಕೂಡಲೇ ಇಳಿಸಬೇಡಿ. ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಕಡಿಮೆ ಇರುವವರಿಗೆ ಅರೆಬೆಂದ ಚಿಪ್ಪುಮೀನು, ಹಸಿ ಮೊಟ್ಟೆ, ಕುದಿಸದ ಬಾವಿನೀರು ಇವೇ ಭೇದಿಯ ದಾರಿ. ಭೇದಿ ಶುರುವಾದರೆ ನೀವು ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ.

ಪುಡಿಯ ಡಬ್ಬದ ಹಣದಲ್ಲಿ ಎಷ್ಟು ಮೊಟ್ಟೆ ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಎಆರ್‌ಟಿ ಕೇಂದ್ರದಲ್ಲಿ ಪ್ರತಿ ಸಲ ತೂಕ ನೋಡುತ್ತಾರೆ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಉಂಡರೂ ತೂಕ ಏರದಿದ್ದರೆ ಅದು ಅಡುಗೆಯ ವಿಷಯವಲ್ಲ, ಕ್ಷಯವಿದೆಯೇ ಎಂದು ನೋಡಬೇಕಾಗುತ್ತದೆ. ಡಾಕ್ಟರಿಗೆ ತಿಳಿಸಿ.

ಘಟ್ಟದ ಮೇಲಿನವಳು

ಕಷಾಯ ಎಂದರೆ ಎಲ್ಲವೂ ಶಿರಸಿಯ ತಲೆಗೆ ಬರುತ್ತದೆ! ಜೀರಿಗೆ, ಕೊತ್ತಂಬರಿಯ ಮನೆ ಕಷಾಯ ಕುಡಿಯಲಿ, ತೊಂದರೆಯಿಲ್ಲ. ಒಂದೆಲಗದ ತಂಬುಳಿಯೂ ಬಾಯಿರುಚಿಗೆ ಒಳ್ಳೆಯದು, ಮಜ್ಜಿಗೆ ಹುಳಿಯಾಗಿರಬಾರದು. ಆದರೆ ಒಳಗೇನಿದೆ ಎಂದು ಬರೆಯದ ಬಾಟಲಿ ಬೇಡವೇ ಬೇಡ. ನಿಮ್ಮ ತಮ್ಮನ ಮಾತ್ರೆಯಲ್ಲಿ ಟೆನೊಫೊವಿರ್ ಎಂಬ ಔಷಧಿ ಇದ್ದರೆ ಮೊದಲೇ ಮೂತ್ರಪಿಂಡದ ಮೇಲೆ ಕಣ್ಣಿಟ್ಟಿರಬೇಕು. ಅದರ ಮೇಲೆ ಗೊತ್ತಿಲ್ಲದ ಮದ್ದು ಏಕೆ?

ನಿವೃತ್ತ ಆಪ್ತಸಮಾಲೋಚಕಿ

ಮೇಲಿನವರು ಊಟದ ಬಗ್ಗೆ ಹೇಳಿದ್ದು ಸರಿಯಾಗಿದೆ. ಅವರು ಬಿಟ್ಟಿದ್ದನ್ನಷ್ಟೇ ಸೇರಿಸುತ್ತೇನೆ.

ಈಗ ಹೆಚ್ಚಿನವರಿಗೆ ಕೊಡುವ ದಿನಕ್ಕೊಂದು ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧಿ ಇರುತ್ತದೆ. ಅದನ್ನು ಊಟದ ಮೊದಲಾಗಲಿ ನಂತರವಾಗಲಿ ನುಂಗಬಹುದು. ಆದರೆ ಬರಿಹೊಟ್ಟೆಯಲ್ಲಿ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯನ್ನು ಅದರ ಜೊತೆ ನುಂಗಿದರೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಊಟದ ಜೊತೆಯಾದರೆ ಎರಡನ್ನೂ ಒಟ್ಟಿಗೆ ನುಂಗಬಹುದು. ಇಲ್ಲವಾದರೆ ಎಆರ್‌ಟಿ ಮಾತ್ರೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ. ಎದೆಯುರಿಗೆ ಕುಡಿಯುವ ಅಂಟಾಸಿಡ್‌ಗೆ ಊಟವಿರಲಿ ಬಿಡಲಿ ಈ ಅಂತರ ಬೇಕೇ ಬೇಕು.

ಕ್ಷಯ ಬಾರದಂತೆ ಐಸೋನಿಯಾಜಿಡ್ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಕರಾವಳಿಯವರು ಬಂಗಡೆ, ಟ್ಯೂನಾಗಳ ವಿಷಯದಲ್ಲಿ ಹುಷಾರಾಗಿರಬೇಕು. ತಾಜಾ ಬಂಗಡೆ ತೊಂದರೆ ಕೊಡುವುದು ಅಪರೂಪ. ಐಸ್ ಇಲ್ಲದೆ ಬಿಸಿಲಿನಲ್ಲಿ ಕುಳಿತ ಬಂಗಡೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಹುರಿದರೂ ಕುದಿಸಿದರೂ ಹೋಗುವುದಿಲ್ಲ. ಈ ಮಾತ್ರೆ ನುಂಗುವವರ ದೇಹ ಅದನ್ನು ಬೇಗ ಕರಗಿಸಲಾರದು. ಮುಖ ಕೆಂಪಾಗಿ, ತಲೆನೋವು ಬಂದು, ಎದೆ ಡವಗುಟ್ಟುತ್ತದೆ. ಬೋಟಿನವನ ಮನೆಗೆ ಹೊಸ ಮೀನು ಯಾವುದೆಂದು ನಾನು ಹೇಳಿಕೊಡಬೇಕಾಗಿಲ್ಲ.

ಪೌಷ್ಟಿಕ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ ಕ್ಷಯರೋಗಿಗಳಿಗೆ ಮಾತ್ರ. 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಎಚ್‌ಐವಿ ಇದ್ದ ಮಾತ್ರಕ್ಕೆ ಅದು ಬರುವುದಿಲ್ಲ. ಆದರೆ ಬಡ ಕುಟುಂಬವಾಗಿದ್ದರೆ ಅಂತ್ಯೋದಯ ಕಾರ್ಡಿನ ಬಗ್ಗೆ ವಿಚಾರಿಸಿ, ಸೋಂಕಿತರ ಕುಟುಂಬಗಳಿಗೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2009ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ತಿಂಗಳಿಗೆ 35 ಕೆ.ಜಿ. ಧಾನ್ಯ. ಅರ್ಜಿಯಲ್ಲಿ ಕಾಯಿಲೆಯ ಹೆಸರು ಬರೆಯುವ ಮೊದಲು ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ಜೊತೆ ಮಾತನಾಡಿ. ಗುಟ್ಟು ಕಾಯುವ ಹಕ್ಕನ್ನು 2017ರ ಎಚ್‌ಐವಿ ಕಾಯ್ದೆ ಅವನಿಗೆ ಕೊಟ್ಟಿದೆ. ಉಳಿದ ಸಂದೇಹಕ್ಕೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಹಣ ತಗಲುವುದಿಲ್ಲ.

ಅಂಕೋಲೆಯ ಅಕ್ಕ

ಎಲ್ಲರಿಗೂ ಉಪಕಾರವಾಯಿತು. ಐಸೋನಿಯಾಜಿಡ್ ಇದೆ, ಚೀಟಿಯಲ್ಲಿ ನೋಡಿದೆ. ಆಯಿಗೆ ಏನೆಂದು ಹೇಳಲಿ ಎನ್ನುವುದೇ ಈಗ ಉಳಿದದ್ದು.

ಕುಮಟಾದ ಹಳೆಯ ಮಾತ್ರೆಗಾರ

ಕಾಮಾಲೆ ಇಳಿಯಿತು, ಇನ್ನು ಮೈ ಹಿಡಿಯಲು ಮೀನು, ಮೊಟ್ಟೆ ತಿನ್ನಲೇಬೇಕೆಂದು ಡಾಕ್ಟರು ಹೇಳಿದ್ದಾರೆ ಎನ್ನಿ. ಎರಡನೆಯ ಮಾತು ಸುಳ್ಳೇನಲ್ಲವಲ್ಲ. ಉಳಿದದ್ದನ್ನು ತಮ್ಮ ತನಗೆ ಬೇಕಾದಾಗ ಹೇಳಿಕೊಳ್ಳಲಿ. ಆಗಸ್ಟ್‌ನಲ್ಲಿ ಬೋಟು ಇಳಿದಾಗ ಮಾತ್ರೆಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಡಿ. ವಾಪಸಾಗುವುದು ತಡವಾದರೂ ಸಾಕಾಗುವಷ್ಟು ಹೆಚ್ಚಿಗೆ ಇರಲಿ, ಐಸ್ ಪೆಟ್ಟಿಗೆಯ ಹತ್ತಿರ ಇಡುವುದು ಬೇಡ, ತೇವ ಹಿಡಿಯುತ್ತದೆ.