ಸಿಡಿ3 ಇಲ್ಲ, ಸಿಡಿ4 ಮಾತ್ರ ಮಂದವಾಗಿ ಇದೆ: ಇವು ಯಾವ ಕೋಶಗಳು?

ಕೋಶದಾರಿ:
ಎಲ್ಲರಿಗೂ ನಮಸ್ಕಾರ. ಯಲಹಂಕದ ಕಡೆ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಆರೋಗ್ಯವಂತ ದಾನಿಗಳ ರಕ್ತದಿಂದ ಫೈಕಾಲ್ ದ್ರವ ಬಳಸಿ ಪಿಬಿಎಂಸಿ (ಲಿಂಫೊಸೈಟ್, ಮಾನೊಸೈಟ್ ಥರದ ಬಿಳಿ ರಕ್ತಕೋಶಗಳು) ಬೇರೆ ಮಾಡಿ, ಹೊಳೆಯೋ ಬಣ್ಣ ಕಟ್ಟಿರೋ ನಾಲ್ಕು ಆಂಟಿಬಾಡಿ ಹಾಕ್ತೀನಿ: ಸಿಡಿ3 ಎಫ್‌ಐಟಿಸಿ, ಸಿಡಿ19 ಪಿಇ, ಸಿಡಿ4 ಪಿಇ-ಸೈ7, ಸಿಡಿ8 ಎಪಿಸಿ. (ಸಿಡಿ3 ಟಿ ಕೋಶಗಳ ಗುರುತು, ಸಿಡಿ19 ಬಿ ಕೋಶಗಳದು, ಸಿಡಿ4 ಮತ್ತು ಸಿಡಿ8 ಟಿ ಕೋಶಗಳ ಎರಡು ಬಗೆಗೆ; ಪಕ್ಕದಲ್ಲಿರೋದು ಬಣ್ಣದ ಹೆಸರು.) ನಮ್ಮ ಸೈಟೊಮೀಟರ್‌ನಲ್ಲಿ (ಲೇಸರ್ ಹಾಯಿಸಿ ಒಂದೊಂದೇ ಕೋಶದ ಹೊಳಪು ಅಳೆಯೋ ಯಂತ್ರ) ಇರೋದು ಎರಡೇ ಲೇಸರ್, 488 ಮತ್ತು 640 ನ್ಯಾನೊಮೀಟರ್.

ತೊಂದರೆ ಎರಡು. ಸಿಡಿ3 ಇಲ್ಲದೆ ಸಿಡಿ4 ಮಂದವಾಗಿರೋ ಒಂದು ಗುಂಪು ಎಲ್ಲ ದಾನಿಗಳಲ್ಲೂ ಬರ್ತಿದೆ. ಜೊತೆಗೆ, ಸಿಡಿ4 ಟಿ ಕೋಶಗಳು ಪಿಇ ಚಾನೆಲ್‌ನಲ್ಲೂ ಮೇಲೇಳ್ತವೆ, ಹಾಗಾಗಿ ಟಿ ಕೋಶಕ್ಕೆ ಸಿಡಿ19 ಇರೋ ಹಾಗೆ ಕಾಣುತ್ತೆ. ಫಿಕ್ಸ್ ಮಾಡಿ (ಕೋಶಗಳು ಕೆಡದ ಹಾಗೆ ರಾಸಾಯನಿಕ ಹಾಕಿ) ಮರುದಿನ ಓದಿಸಿದ ಟ್ಯೂಬ್‌ಗಳಲ್ಲಿ ಇದು ಜಾಸ್ತಿ. ಕಾಂಪನ್ಸೇಶನ್ (ಒಂದು ಬಣ್ಣ ಇನ್ನೊಂದರ ಚಾನೆಲ್‌ಗೆ ಸೋರಿದ್ದನ್ನ ಕಳೆಯೋ ಲೆಕ್ಕ) ಸಂಖ್ಯೆಯನ್ನ ಕೈಯಲ್ಲೇ ಏರಿಸಿಬಿಡಿ ಅಂತ ಸೀನಿಯರ್ ಒಬ್ಬರು ಹೇಳಿದ್ರು. ಹಾಗೆ ಮಾಡಬಹುದಾ?

ಲೇಸರ್488:
ದಯವಿಟ್ಟು ಹಾಗೆ ಮಾಡಬೇಡಿ ಮೇಡಂ. ಚುಕ್ಕೆಗಳು ಅಚ್ಚುಕಟ್ಟಾಗಿ ಕೂರೋವರೆಗೆ ಸಂಖ್ಯೆ ತಿರುಗಿಸ್ತಾ ಹೋದ್ರೆ, ನಿಜವಾಗಿ ಇರೋ ಕೋಶಗಳನ್ನೂ ಅಳಿಸಿಹಾಕಬಹುದು. ನಿಮ್ಮ ಎರಡು ತೊಂದರೆಗೆ ಕಾರಣ ಬೇರೆ ಬೇರೆ ಇರಬಹುದು ಅನ್ಸುತ್ತೆ.

ಮೊದಲನೆಯದು ಮಾನೊಸೈಟ್ (ಮುಂದೆ ಮ್ಯಾಕ್ರೊಫೇಜ್ ಆಗಬಲ್ಲ ಬಿಳಿ ರಕ್ತಕೋಶ) ಆಗಿರೋ ಸಾಧ್ಯತೆ ತುಂಬಾ ಇದೆ. ಮನುಷ್ಯರ ಮಾನೊಸೈಟ್‌ಗಳ ಮೇಲೆ ಸಿಡಿ4 ಕಡಿಮೆ ಪ್ರಮಾಣದಲ್ಲಿ ಇದ್ದೇ ಇರುತ್ತೆ. ಎಚ್‌ಐವಿ ಮ್ಯಾಕ್ರೊಫೇಜ್ ಒಳಗೆ ಹೋಗೋದಕ್ಕೂ ಇದೇ ಸಿಡಿ4 ಬೇಕು. ಸಿಡಿ ಸಂಖ್ಯೆಗಳು 1982ರ ಪ್ಯಾರಿಸ್ ಕಾರ್ಯಾಗಾರದಿಂದ ಬಂದವು, ಅವು ಗುರುತಿಸೋದು ಕೋಶದ ಮೇಲಿನ ಅಣುವನ್ನ. ಒಂದೇ ಅಣು ಎರಡು ಮೂರು ಬಗೆಯ ಕೋಶಗಳ ಮೇಲೆ ಇರಬಹುದು. ಸಿಡಿ8 ಕೂಡ ಹಾಗೇ, ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳ ಒಂದು ಭಾಗದಲ್ಲಿ ಮಂದವಾಗಿ ಸಿಗುತ್ತೆ. ಆ ಗುಂಪನ್ನ ಎಫ್‌ಎಸ್‌ಸಿ-ಎಸ್‌ಎಸ್‌ಸಿ ಪ್ಲಾಟ್‌ಗೆ (ಕೋಶದ ಗಾತ್ರ ಮತ್ತು ಒಳಗಿನ ಕಣಗಳ ಅಂದಾಜು ಕೊಡೋದು) ತಂದು ನೋಡಿ. ಲಿಂಫೊಸೈಟ್‌ಗಳಿಗಿಂತ ಮೇಲೆ, ಬಲಕ್ಕೆ ಕೂತಿದ್ರೆ ಅರ್ಧ ಉತ್ತರ ಸಿಕ್ಕ ಹಾಗೆ.

ಆದ್ರೂ ಒಂದು ಅನುಮಾನ ಉಳಿಯುತ್ತೆ. ಮಾನೊಸೈಟ್‌ಗಳ ಮೇಲೆ ಎಫ್‌ಸಿ ರಿಸೆಪ್ಟರ್‌ಗಳು (ಆಂಟಿಬಾಡಿಯ ಬಾಲ ಹಿಡಿಯೋ ಅಣುಗಳು) ಜಾಸ್ತಿ, ಸೈ5, ಸೈ7 ಥರದ ಬಣ್ಣ ಇರೋ ಟ್ಯಾಂಡಮ್‌ಗಳು (ಪಿಇ-ಸೈ7 ಥರ ಎರಡು ಬಣ್ಣ ಜೋಡಿಸಿದವು) ಅವುಗಳಿಗೆ ಸುಮ್ಮನೆ ಅಂಟಿಕೊಳ್ಳೋದೂ ಉಂಟು. ಅದಕ್ಕೆ ಟ್ಯಾಂಡಮ್ ಇಲ್ಲದ ಒಂದು ಪುಟ್ಟ ಟ್ಯೂಬ್ ಮಾಡಿ: ಸಿಡಿ3 ಎಫ್‌ಐಟಿಸಿ, ಸಿಡಿ14 (ಮಾನೊಸೈಟ್ ಗುರುತು) ಪಿಇ, ಸಿಡಿ4 ಎಪಿಸಿ. ಆಂಟಿಬಾಡಿ ಹಾಕೋ ಮುಂಚೆ ಎಫ್‌ಸಿ ರಿಸೆಪ್ಟರ್ ಮುಚ್ಚೋ ಎಫ್‌ಸಿ ಬ್ಲಾಕ್ ಹಾಕಿ. ಇಡೀ ವಯಲ್ ತರಿಸಬೇಕಾಗಿಲ್ಲ, ಪಕ್ಕದ ಲ್ಯಾಬ್‌ನವರನ್ನ ಕೇಳಿದ್ರೆ ಒಂದು ಟ್ಯೂಬ್‌ಗೆ ಆಗೋವಷ್ಟು ಕೊಡ್ತಾರೆ.

ಮಬ್ಬುಬೆಳಕು:
ಎರಡನೆಯದಕ್ಕೆ ನಾನು ಹೇಳ್ತೀನಿ. ಪಿಇ-ಸೈ7ನಲ್ಲಿ ಪಿಇ ಲೇಸರ್ ಬೆಳಕನ್ನ ಹೀರಿ ಶಕ್ತಿಯನ್ನ ಸೈ7ಗೆ ದಾಟಿಸುತ್ತೆ, ಸೈ7 ಅದನ್ನ ಸುಮಾರು 780 ನ್ಯಾನೊಮೀಟರ್‌ನಲ್ಲಿ ಹೊರಬಿಡುತ್ತೆ. ಸೈ7 ಹಾಳಾದ್ರೆ ಶಕ್ತಿ ದಾಟೋದಿಲ್ಲ, ಪಿಇ ತನ್ನದೇ 578ರ ಸುಮಾರಿಗೆ ಹೊಳೆಯುತ್ತೆ. ನಿಮ್ಮ ಸಿಡಿ4 ಕೋಶಗಳು ಸಿಡಿ19 ಚಾನೆಲ್‌ನಲ್ಲಿ ಕಾಣಿಸಿಕೊಳ್ಳೋದು ಹೀಗೆ. ಬೆಳಕು, ಬಿಸಿ, ಫಾರ್ಮಾಲ್ಡಿಹೈಡ್ ಮೂರೂ ಇದನ್ನ ಹಾಳು ಮಾಡ್ತವೆ. ಏಪ್ರಿಲ್ ಬಿಸಿಲಲ್ಲಿ ಪಾರ್ಸೆಲ್ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ. ಹಾಗಂತ ವಯಲ್‌ನ ಫ್ರೀಜರ್‌ನಲ್ಲಿ ಇಡಬೇಡಿ, ಪಿಇ ಮತ್ತು ಎಪಿಸಿ ಎರಡೂ ಪ್ರೋಟೀನ್, ಹೆಪ್ಪುಗಟ್ಟಿದ್ರೆ ಕೆಡ್ತವೆ. 4 ಡಿಗ್ರಿ, ಕತ್ತಲೆ, ಅಷ್ಟೇ.

ಸಿಡಿ4 ಪಿಇ-ಸೈ7 ಒಂದನ್ನೇ ಹಾಕಿದ ಎರಡು ಟ್ಯೂಬ್ ಮಾಡಿ. ಒಂದನ್ನ ತಕ್ಷಣ ಓದಿಸಿ, ಇನ್ನೊಂದನ್ನ ಫಿಕ್ಸ್ ಮಾಡಿ ಮರುದಿನ ಓದಿಸಿ. ಪಿಇ ಕಡೆ ಸೋರಿಕೆ ಎಷ್ಟು ಬದಲಾಗುತ್ತೆ ನೋಡಿ. ಅಂದ ಹಾಗೆ, ನಿಮ್ಮ ಕಾಂಪನ್ಸೇಶನ್ ಕಂಟ್ರೋಲ್ (ಸೋರಿಕೆ ಅಳೆಯೋಕೆ ಒಂದೊಂದೇ ಬಣ್ಣ ಹಾಕಿದ ಟ್ಯೂಬ್) ಫಿಕ್ಸ್ ಆಗಿದ್ಯಾ?

ಕೋಶದಾರಿ:
ಇಲ್ಲ, ಕಂಟ್ರೋಲ್‌ಗೆ ಬೀಡ್ಸ್ (ಕೋಶದ ಬದಲು ಆಂಟಿಬಾಡಿ ಹಿಡಿಯೋ ಪುಟ್ಟ ಮಣಿಗಳು), ಅವನ್ನ ಸೈಟೊಮೀಟರ್ ಸೆಂಟರ್‌ನವರೇ ಫಿಕ್ಸ್ ಮಾಡದೆ ಓದಿಸ್ತಾರೆ. ಎರಡೂ ಪರೀಕ್ಷೆ ಮುಗಿಸಿ ಬಂದೆ. ಸಿಡಿ3 ಇಲ್ಲದ, ಸಿಡಿ4 ಮಂದವಾಗಿರೋ ಕೋಶಗಳಲ್ಲಿ ಹೆಚ್ಚಿನವು ಸಿಡಿ14 ಪಾಸಿಟಿವ್! ಎಪಿಸಿಯಲ್ಲೂ ಸಿಡಿ4 ಮಂದವಾಗೇ ಬಂತು, ಅಂದ್ರೆ ಬರೀ ಅಂಟಿಕೊಂಡಿದ್ದಲ್ಲ. ತಕ್ಷಣ ಓದಿಸಿದ ಟ್ಯೂಬ್‌ನಲ್ಲಿ ಪಿಇ ಸೋರಿಕೆ ಬೀಡ್ಸ್ ತೋರಿಸಿದಷ್ಟೇ ಇದೆ, ಮರುದಿನದ್ದರಲ್ಲಿ ಎದ್ದು ಕಾಣೋಷ್ಟು ಜಾಸ್ತಿ.

ಮಬ್ಬುಬೆಳಕು:
ಹಾಗಿದ್ರೆ ವಯಲ್ ಚೆನ್ನಾಗಿದೆ, ಕೆಡಿಸ್ತಿರೋದು ರಾತ್ರಿಯಿಡೀ ಫಿಕ್ಸೇಟಿವ್‌ನಲ್ಲಿ ಇಡೋದು. ಆದಷ್ಟು ಅದೇ ದಿನ ಓದಿಸಿ. ಸ್ಲಾಟ್ ಸಿಗದಿದ್ರೆ ಸ್ವಲ್ಪ ಹೊತ್ತು ಮಾತ್ರ ಫಿಕ್ಸ್ ಮಾಡಿ, ತೊಳೆದು, ಬರೀ ಬಫರ್‌ನಲ್ಲಿ ಕತ್ತಲಲ್ಲಿ ಇಡಿ. ಒಂಟಿ ಬಣ್ಣದ ಕಂಟ್ರೋಲ್‌ಗಳನ್ನೂ ಅದೇ ವಯಲ್‌ನಿಂದ ಮಾಡಿ, ಸ್ಯಾಂಪಲ್ ಜೊತೆಗೇ ಫಿಕ್ಸ್ ಮಾಡಿ, ಒಟ್ಟಿಗೆ ಓದಿಸಿ.

ಲೇಸರ್488:
ಸತ್ತ ಕೋಶ ಗುರುತಿಸೋ ಬಣ್ಣ ನಿಮ್ಮ ಪಟ್ಟಿಯಲ್ಲಿ ಕಾಣ್ಲಿಲ್ಲ. ಸತ್ತ ಕೋಶಕ್ಕೆ ಯಾವ ಆಂಟಿಬಾಡಿ ಬೇಕಾದ್ರೂ ಅಂಟುತ್ತೆ. 640ಕ್ಕೆ ಹೊಳೆಯೋ, ಎಪಿಸಿ-ಸೈ7 ಚಾನೆಲ್‌ಗೆ ಬೀಳೋ ಫಿಕ್ಸಬಲ್ ಬಣ್ಣ ಸಿಗುತ್ತೆ, ಆ ಜಾಗ ನಿಮ್ಮಲ್ಲಿ ಖಾಲಿ ಇದೆ. ಅದು ಪ್ರೋಟೀನ್‌ಗಳ ಅಮೀನ್‌ಗೆ ಅಂಟೋದ್ರಿಂದ ಸೀರಮ್ ಇಲ್ಲದ ಪಿಬಿಎಸ್ ಬಫರ್‌ನಲ್ಲೇ ಹಾಕಿ, ಆಮೇಲೆ ಆಂಟಿಬಾಡಿ. ಮುಂದೆ ಹೊಸ ಪಿಇ-ಸೈ7 ವಯಲ್ ಬಂದಾಗ ಹಳೇ ಕಾಂಪನ್ಸೇಶನ್ ಫೈಲ್ ಬಳಸಬೇಡಿ. ಟ್ಯಾಂಡಮ್‌ಗಳಲ್ಲಿ ಲಾಟ್‌ನಿಂದ ಲಾಟ್‌ಗೆ ಸೋರಿಕೆ ಬೇರೆ ಇರುತ್ತೆ.