ಸಹಾಯ ಬೇಕು: ಹಳೆ ಡಿಜಿಟಲ್ ಪಿಯಾನೋದ ಕೆಲವು ಕೀಗಳು ಕೈಕೊಡುತ್ತಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 88 ಕೀಗಳ ಹಳೇ ಡಿಜಿಟಲ್ ಪಿಯಾನೋ ಇದೆ. ಮಗಳ ಅಭ್ಯಾಸವೆಲ್ಲ ಇದರಲ್ಲೇ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನಾನೂ ನುಡಿಸುತ್ತೇನೆ. ಮಳೆಗಾಲ ಶುರುವಾದ ಮೇಲೆ ಮಧ್ಯದ ಸಿ ಸ್ವರದ ಕೀ ಪಕ್ಕದ ಎರಡು ಮೂರು ಕೀಗಳು ಸರಿಯಾಗಿ ನುಡಿಯುತ್ತಿಲ್ಲ. ಮೆಲ್ಲಗೆ ಒತ್ತಿದರೂ ಒಮ್ಮೊಮ್ಮೆ ಜೋರಾಗಿ ಕಿರುಚುತ್ತವೆ, ಒಮ್ಮೊಮ್ಮೆ ಸದ್ದೇ ಇಲ್ಲ.

ಕೀ ಕೆಳಗಿನ ರಬ್ಬರ್ ಪಟ್ಟಿಯಲ್ಲಿ ಕಾರ್ಬನ್ ಕಾಂಟ್ಯಾಕ್ಟ್‌ಗಳು (ಕೀ ಒತ್ತಿದಾಗ ಕೆಳಗಿನ ಸರ್ಕ್ಯೂಟ್‌ಗೆ ತಾಗುವ ಕಪ್ಪು ಚುಕ್ಕೆಗಳು) ಇರುತ್ತವೆ, ಅಲ್ವಾ? ಒಂದು ತಾಗಿದ ಮೇಲೆ ಇನ್ನೊಂದು ಎಷ್ಟು ಬೇಗ ತಾಗಿತು ಅನ್ನೋದರ ಮೇಲೆ ಸದ್ದು ಎಷ್ಟು ಜೋರು ಅಂತ ಲೆಕ್ಕ. ಅಲ್ಲಿ ಧೂಳು ಕೂತಿದೆ ಅಂತ ನನ್ನ ಅನುಮಾನ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಸಾಕಾ, ಪಟ್ಟಿಯನ್ನೇ ಬದಲಿಸಬೇಕಾ? ತೋರಿಸಿದ ಅಂಗಡಿಯಲ್ಲಿ ಬಿಚ್ಚಿಯೂ ನೋಡದೆ "ಹೊಸದು ತಗೊಳ್ಳಿ" ಅಂದುಬಿಟ್ಟರು. ತುಂಬಾ ಬೇಜಾರಾಯಿತು. ಇದರ ಭಾರದ ಕೀಗಳಿಗೆ ಮಗಳ ಬೆರಳು ಚೆನ್ನಾಗಿ ಪಳಗಿದೆ, ಸುಮ್ನೆ ಬಿಸಾಡಲು ಮನಸ್ಸಿಲ್ಲ.

ಮೈಸೂರು ಅಥವಾ ಬೆಂಗಳೂರಿನಲ್ಲಿ ಇಂಥದ್ದನ್ನು ನಿಧಾನವಾಗಿ ಬಿಚ್ಚಿ ಕ್ಲೀನ್ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹಳೇ ಮಾಡೆಲ್‌ಗಳ ರಬ್ಬರ್ ಪಟ್ಟಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌.ಪಿ. ರೋಡಿನಲ್ಲಿ ಸಿಗುತ್ತಾ? ನೀವೇ ಮನೆಯಲ್ಲಿ ಬಿಚ್ಚಿದ್ದರೆ ಕೀಗಳನ್ನು ಹೇಗೆ ತೆಗೆದಿರಿ, ಅದನ್ನೂ ಬರೆಯಿರಿ.