ಸಹಾಯ ಬೇಕು: ಎಂಜಿಬಿ ಕಾರು ನೋಡಲು ಜೊತೆಗೆ ಯಾರಾದರೂ ಬರ್ತೀರಾ?

ಎಲ್ಲರಿಗೂ ನಮಸ್ಕಾರ. ಆಕ್ಸ್‌ಫರ್ಡ್ ಹತ್ತಿರ 1972ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ, ಮೇಲ್ಛಾವಣಿ ತೆರೆಯುವ ಹಳೇ ಸ್ಪೋರ್ಟ್ಸ್ ಕಾರು) ಒಂದು ಮಾರಾಟಕ್ಕಿದೆ. ಕ್ರೋಮ್ ಬಂಪರ್, ವೈರ್ ವೀಲ್, ತುಂಬಾ ಜೋಪಾನ ಮಾಡಿ ಇಟ್ಟಿದ್ದಾರೆ. ಶನಿವಾರ ನೋಡೋಕೆ ಹೋಗುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ನಮ್ಮವರಲ್ಲಿ ಹಳೇ ಕಾರಿನ ಕೆಲಸ ಬಲ್ಲವರು ಯಾರಾದರೂ ಜೊತೆಗೆ ಬರುತ್ತೀರಾ?

ಇಂಜಿನ್ ಬಗ್ಗೆ ಅಷ್ಟು ಚಿಂತೆಯಿಲ್ಲ. 1798 ಸಿಸಿ, ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್, ಬಿಡಿಭಾಗಗಳು ಈಗಲೂ ಸುಲಭವಾಗಿ ಸಿಗುತ್ತವೆ. ಭಯ ಇರೋದು ತುಕ್ಕಿನದು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರವನ್ನೆಲ್ಲ ಹೊರುತ್ತದೆ, ಹಾಗಾಗಿ ಬಾಗಿಲ ಕೆಳಗಿನ ಸಿಲ್ ಒಳಗಿಂದ ತುಕ್ಕು ತಿಂದುಹೋಗಿದ್ದರೆ ಮೇಲೆ ಎಷ್ಟು ಚೆನ್ನಾಗಿ ಪೇಂಟ್ ಹೊಡೆದಿದ್ದರೂ ಏನು ಪ್ರಯೋಜನ, ಅಲ್ವಾ? ಫೋಟೋದಲ್ಲಿ ಮುಂದಿನ ಮಡ್‌ಗಾರ್ಡಿನ ಕೆಳತುದಿಯಲ್ಲಿ ಪೇಂಟ್ ಸಣ್ಣ ಗುಳ್ಳೆ ಎದ್ದಂತೆ ಕಾಣುತ್ತಿದೆ. ಬಾಗಿಲ ಸಂದು ಕೂಡ ಮೇಲ್ಗಡೆ ಸ್ವಲ್ಪ ಕಿರಿದು, ಸಿಲ್ ಸೋತು ಬಾಡಿ ಕುಗ್ಗಿದೆಯೋ ಅಂತ ಅನುಮಾನ.

ಆಯಸ್ಕಾಂತ ಹಿಡಿದರೆ ಪುಟ್ಟಿ ತುಂಬಿದ ಜಾಗ ಗೊತ್ತಾಗುತ್ತದೆ, ಅದನ್ನು ತರುತ್ತೇನೆ. ಆದರೆ ಜಾಕ್ ಕೊಟ್ಟು ಅಡಿಯಲ್ಲಿ ನೋಡೋಕೆ ಅನುಭವದ ಕಣ್ಣೇ ಬೇಕು. 40 ವರ್ಷ ದಾಟಿದ ಇಂಥ ಕಾರಿಗೆ ಇಲ್ಲಿ ಎಂಒಟಿ (ಕಾರು ರಸ್ತೆಗಿಳಿಯಲು ಸುರಕ್ಷಿತವೇ ಅಂತ ವರ್ಷಕ್ಕೊಮ್ಮೆ ಮಾಡುವ) ತಪಾಸಣೆ ಕಡ್ಡಾಯವಲ್ಲ, ಮಾರುವವರ ಹತ್ತಿರ ಈಚಿನ ಸರ್ಟಿಫಿಕೇಟ್ ಇಲ್ಲ. ಎಂಜಿಯ ಹಳೇ ಕಾರ್ಖಾನೆಯಿದ್ದ ಅಬಿಂಗ್ಡನ್‌ನಲ್ಲಿ ತಯಾರಾದ ಕಾರು, ಸುಮ್ನೆ ಕೈಬಿಡೋಕೆ ಮನಸ್ಸಿಲ್ಲ.

ಬರೋಕೆ ಆಗದವರು ಮೊದಲು ಎಲ್ಲೆಲ್ಲಿ ನೋಡಬೇಕು ಅಂತ ಶುಕ್ರವಾರದೊಳಗೆ ತಿಳಿಸಿ, ದಯವಿಟ್ಟು. ಬರುವವರನ್ನು ನಾನೇ ಕರೆದುಕೊಂಡು ಹೋಗುತ್ತೇನೆ.